ಟಿವಿಯಲ್ಲಿ ಇಲ್ಲದ ಉಡುಪು

ಮೆಹಬೂಬಿ ಆಪಾ,

ನಿಮ್ಮ ಸುನಂದಾ ಬರೆಯುತ್ತಿದ್ದೇನೆ. ನೀವು ತೀರಿಹೋಗಿ ಎಂಟು ತಿಂಗಳಾಯಿತು. ಒಂದು ಮಾತನ್ನು ನಿಮ್ಮಿಂದ ಮುಚ್ಚಿಟ್ಟಿದ್ದೆ. ಅದನ್ನು ಮೊದಲು ಹೇಳದೆ ಹೊಸ ಸುದ್ದಿ ಹೇಳಲು ಬಾಯಿ ಬರುತ್ತಿಲ್ಲ.

ತೊಂಬತ್ತೈದರ ಬೇಸಿಗೆ ನೆನಪಿದೆಯೇ? ಸಕ್ಕರೆ ಕಾಯಿಲೆ ನಿಮ್ಮ ಎರಡನೆಯ ಕಣ್ಣನ್ನೂ ತೆಗೆದುಕೊಂಡದ್ದು ಆಗಲೇ. ತಂಬಾಕಿನ ಊರು ನಿಪ್ಪಾಣಿಯ ಎಷ್ಟೋ ಮದುಮಕ್ಕಳಿಗೆ ರವಿಕೆ ಹೊಲಿದ ನೀವು, ಒಂದು ದಿನ ಕತ್ತರಿಯನ್ನು ನನ್ನ ಮುಂದೆ ಸರಿಸಿದಿರಿ. ಶಿರಗುಪ್ಪಿಯಿಂದ ಮದುವೆಯಾಗಿ ಬಂದವಳು ನಾನು. ನಿಮ್ಮ ಹೊಲಿಗೆ ಅಂಗಡಿಯಲ್ಲಿ ಹತ್ತು ವರ್ಷ ನಿಮ್ಮ ಪಕ್ಕದಲ್ಲೇ ಕೂತು ಹೊಲಿದಿದ್ದೆ. ಆದರೂ ನೀವು ಸೀಮೆಸುಣ್ಣದಲ್ಲಿ ಎಳೆದ ಗೆರೆಯ ಮೇಲಷ್ಟೇ ನನ್ನ ಕತ್ತರಿ ಓಡುತ್ತಿತ್ತು. ಗೆರೆಯೇ ಇಲ್ಲವೆಂದ ಮೇಲೆ...

ಅದೇ ವರ್ಷ ಓಣಿಗೆ ಕೇಬಲ್ ಬಂತು. ಶನಿವಾರ ಮಧ್ಯಾಹ್ನ ಪ್ಯಾರಿಸ್ಸಿನ ಹೊಸ ಉಡುಪುಗಳನ್ನು ತೋರಿಸುತ್ತಾರೆಂದು ಯಾರೋ ಹೇಳಿದ್ದೇ ತಡ, ನೀವು ನನ್ನನ್ನು ಟಿವಿಯ ಮುಂದೆ ಕೂರಿಸಿ, ನೋಡಿ ಹೇಳು ಎಂದಿರಿ. ಮೊದಲು ಬಂದವಳೇ ಮೈತುಂಬ ಪುಕ್ಕ ಹೊದ್ದಿದ್ದಳು. "ಕೋಳಿ ನಡದಂಗ ಕಾಣತೈತ್ರಿ ಆಪಾ," ಎಂದು ನಾನು ನಕ್ಕೆ. ನೀವು ನಗಲಿಲ್ಲ.

"ನಗೋದು ಆಮ್ಯಾಲ. ಪುಕ್ಕ ಯಾವ ಕಡಿ ಮಲಗ್ಯಾವ, ಅದನ್ನ ಹೇಳು."

ಆಗ ಮತ್ತೆ ನೋಡಿದೆ. ಭುಜದ ಮೇಲೆ ಕೆಳಮುಖವಾಗಿದ್ದ ಪುಕ್ಕ ಸೊಂಟದ ಹತ್ತಿರ ಮೆಲ್ಲಗೆ ತಿರುಗಿ ಮೇಲ್ಮುಖವಾಗಿತ್ತು. ನಡು ಸಣ್ಣಗೆ ಕಾಣುತ್ತಿದ್ದುದು ಅದರಿಂದಲೇ. ನಾನು ನೋಡಲು ಕಲಿತದ್ದು ಕಣ್ಣಿಲ್ಲದ ನಿಮ್ಮಿಂದ ಎಂದರೆ ಯಾರಾದರೂ ನಂಬುತ್ತಾರೆಯೇ?

ಬಾಗಿಲಲ್ಲಿ ಹಿಡಿಸದಷ್ಟು ಅಗಲದ ಲಂಗವೊಂದು ಬಂದಿತ್ತು. ಭಾರವೆಂದುಕೊಂಡರೆ, ಅವಳು ನಿಂತ ಮೇಲೂ ಅದು ಒಂದು ಗಳಿಗೆ ತೇಲುತ್ತಲೇ ಇತ್ತು. ಇನ್ನೊಂದು ಕಪ್ಪು ಉಡುಪಿಗೆ ಎಲ್ಲಿಯೂ ಹೊಲಿಗೆಯೇ ಕಾಣಲಿಲ್ಲ, ಎಣ್ಣೆ ಸುರಿದ ಹಾಗೆ ಇಳಿದಿತ್ತು. "ಬಟ್ಟಿ ಓರೆ ಕತ್ತರಿಸ್ಯಾರ," ಎಂದಿರಿ ನೀವು ತಕ್ಷಣ. ಮತ್ತೊಂದು ಉಡುಪಿನ ಮುತ್ತುಗಳನ್ನೆಲ್ಲ ಕೈಯಲ್ಲೇ ಹೊಲಿದಿದ್ದಾರಂತೆ ಎಂದು ನಾನು ಹೇಳಿದಾಗ, "ಅಲ್ಲೂ ಯಾರದೋ ಕಣ್ಣು ನೋಯತಿರತಾವ," ಎಂದಿರಿ.

ಒಂದು ಶನಿವಾರ ನಿಮಗೆ ಜ್ವರವಿತ್ತು. ವಾರವಿಡೀ ಅದೊಂದಕ್ಕೇ ಕಾದಿದ್ದಿರಿ. ಟಿವಿಯಲ್ಲಿ ಹಾಡು ಕೇಳುತ್ತಿತ್ತು, ಚಿತ್ರ ಮಾತ್ರ ಬರಲಿಲ್ಲ. ಪರದೆಯ ತುಂಬ ಬರೀ ಚುಕ್ಕೆ. "ಯಾರ ಬಂದ್ರು?" ಎಂದು ಕೇಳಿದಿರಿ. ಇಲ್ಲವೆನ್ನಲು ಮನಸ್ಸಾಗಲಿಲ್ಲ. ಬಾಯಿಗೆ ಬಂದದ್ದನ್ನು ಹೇಳುತ್ತ ಹೋದೆ.

"ಒಬ್ಬಾಕಿ ಬಂದಾಳ್ರಿ. ಎಡಗಡೆ ಬರೀ ಸಪಾಟ. ಬಲಭುಜದ ಮ್ಯಾಲ ಮಡಿಕಿ ಮ್ಯಾಲ ಮಡಿಕಿ, ತಂಬಾಕಿನ ಎಲಿ ಒಟ್ಟಿದಂಗ."

"ಪ್ಯಾರಿಸ್‌ನ್ಯಾಗೂ ತಂಬಾಕ ಒಟ್ಟತಾರೇನ, ಬೇಟಾ?"

ನೀವು ಹಳೆಯ ಪೇಪರು ತರಿಸಿ, ಅದನ್ನು ಕತ್ತರಿಸಿ ತೋರಿಸು ಎಂದಿರಿ. ನೋಡದೇ ಇದ್ದ ಉಡುಪನ್ನು ನಾನು ಹೇಗೋ ಕತ್ತರಿಸಿದೆ. ನೀವು ಬೆರಳಾಡಿಸಿ, "ಇಲ್ಲಿ ಓರೆ ಇಡು, ಇಲ್ಲಾಂದ್ರ ಜಗ್ಗತೈತಿ," ಎಂದು ತಿದ್ದಿದಿರಿ. ಆಪಾ, ಅಂಥ ಉಡುಪನ್ನು ಪ್ಯಾರಿಸ್ಸಿನಲ್ಲಿ ಯಾರೂ ಹೊಲಿದಿರಲಿಲ್ಲ. ನಾನು ಸುಳ್ಳು ಹೇಳಿದ್ದೆ. ನಿಮಗೆ ಆಗಲೇ ಗೊತ್ತಾಗಿತ್ತೇ? ಕೇಳಬೇಕೆಂದುಕೊಳ್ಳುತ್ತಲೇ ಇದ್ದೆ, ಅಷ್ಟರಲ್ಲಿ ನೀವು...

ನೀವು ಹೋದ ಮೇಲೆ ಎರಡು ತಿಂಗಳು ಅಂಗಡಿ ತೆರೆಯಲಿಲ್ಲ. ತೆರೆದ ವಾರದಲ್ಲೇ ರಾಯಬಾಗದಿಂದ ತಾಯಿ ಮಗಳು ಬಂದರು. ಮಗಳು ರಾಜಶ್ರೀಗೆ ಮದುವೆ ಗೊತ್ತಾಗಿತ್ತು. ಹುಟ್ಟಿದಾಗಿನಿಂದ ಅವಳ ಬಲಭುಜ ಎಡಕ್ಕಿಂತ ಕೆಳಗೆ. "ರವಿಕಿ ಭುಜಕ್ಕ ಹತ್ತಿ ತುಂಬಿ ಸಮ ಮಾಡ್ರಿ," ಎಂದರು ತಾಯಿ.

"ಹತ್ತಿ ಬ್ಯಾಡ್ರಿ ಅಕ್ಕಾರ," ಎಂದಳು ಹುಡುಗಿ. "ಕಾಲೇಜಿಗೆ ಹೋಗುವಾಗ ತುಂಬಿಸ್ಕೊಂಡಿದ್ದೆ. ಎಲ್ಲಾರೂ ಆ ಹತ್ತೀನ ನೋಡಿದ್ರು."

ಅಂದು ನೀವು ತಿದ್ದಿದ ಆ ಪೇಪರು ಪೆಟ್ಟಿಗೆಯಲ್ಲೇ ಇತ್ತು. ತೆಗೆದು ಅವಳ ಭುಜದ ಮೇಲಿಟ್ಟು ಅಳತೆ ತಿದ್ದಿದೆ. ಬಟ್ಟೆ ಹಾಸಿ ಗೆರೆ ಎಳೆದೆ. ಆ ಗೆರೆಯ ಮೇಲೆ ಕತ್ತರಿ ಓಡಿಸಿದೆ. ತೋಳಿನ ಕಡೆಯಿಂದ ಕುತ್ತಿಗೆಯವರೆಗೆ ಹನ್ನೊಂದು ಮಡಿಕೆ, ಒಂದರ ಮೇಲೊಂದು. ಅರಿಸಿನ ಬಣ್ಣದ ಬಟ್ಟೆಯೇ ಭುಜವನ್ನು ಮೇಲೆತ್ತಿತು, ಒಂದೆಳೆ ಹತ್ತಿಯೂ ಬೇಕಾಗಲಿಲ್ಲ.

ಮೊನ್ನೆ ಮದುವೆಗೆ ರಾಯಬಾಗಕ್ಕೆ ಹೋಗಿದ್ದೆ. ಹೆಂಗಸರು ಅವಳ ರವಿಕೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು, ಅವಳು ನೋಡಗೊಡುತ್ತಿದ್ದಳು. ಫೋಟೋ ತೆಗೆಯುವವನು ಬಂದು, "ಎಡಭುಜ ನನ್ನ ಕಡಿ ಮಾಡ್ರಿ, ಸೆರಗ ಚಂದ ಬರತೈತಿ," ಎಂದ.

"ಇಲ್ರಿ," ಎಂದಳು ರಾಜಶ್ರೀ, "ನೀವಽ ಈ ಕಡಿ ಬರ್ರಿ."

ಅವನು ಕ್ಯಾಮರಾ ಎತ್ತಿಕೊಂಡು ಅವಳ ಬಲಗಡೆಗೆ ಹೋದ.

ನಿಮ್ಮ
ಸುನಂದಾ