ಫೇಲಾದವಳು ನಾನಪ್ಪ

ಅಪ್ಪಾ,

ಫಿಸಿಕ್ಸ್‌ನಲ್ಲಿ ಫೇಲಾದವಳು ನಾನು, ಮೂರು ದಿನದಿಂದ ಊಟ ಬಿಟ್ಟು ಮಲಗಿರುವವನು ನೀನು. ಇದು ಯಾವ ನ್ಯಾಯ?

ರೊಟ್ಟಿ, ಶೇಂಗಾ ಚಟ್ನಿ ಮುಚ್ಚಿಟ್ಟಿದ್ದೇನೆ. ನಾನು ಬರುವಷ್ಟರಲ್ಲಿ ತಟ್ಟೆ ಖಾಲಿಯಾಗಿರಬೇಕು.

ಆಮೇಲೆ ಗಡ್ಡ ಬೋಳಿಸಿಕೊಂಡು ಟೀ ಅಂಗಡಿಗೆ ಹೋಗು. ಯಾರಾದರೂ ರಿಸಲ್ಟ್ ಕೇಳುತ್ತಾರೆಂಬ ಭಯ ಬೇಡ. ನಿನ್ನೆ ನಾನೇ ಹೋಗಿ, "ಫೇಲಾಗಿದೀನಿ, ಮತ್ತೆ ಬರೀತೀನಿ" ಅಂತ ನಿನ್ನ ಗೆಳೆಯರಿಗೆಲ್ಲ ಹೇಳಿ ಬಂದೆ. ಎರಡು ನಿಮಿಷ ನಾಚಿಕೆಯಾಯಿತು. ಅಷ್ಟರಲ್ಲಿ ಯರ್ರಿಸ್ವಾಮಿ ಮಾಮ ಮಂಡಕ್ಕಿ ಕೊಡಿಸಿದರು.

ಜಗಳೂರಿಗೆ ಟ್ಯೂಷನ್‌ಗೆ ಹೊರಟೆ, ಐದರ ಬಸ್ಸಿಗೆ ಬರುತ್ತೇನೆ.

ಅಂದಹಾಗೆ, ನನ್ನ ಮಾರ್ಕ್ಸ್ ಎಷ್ಟೆಂದು ಟೀ ಅಂಗಡಿಯಲ್ಲಿ ಒಬ್ಬರೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು ಒಂದೇ: "ನಿಮ್ಮಪ್ಪ ಎರಡು ದಿನದಿಂದ ಕಂಡೇ ಇಲ್ಲಲ್ಲವ್ವ, ಹುಷಾರಾಗಿ ಐದಾನೋ ಇಲ್ಲೋ?"

ಚೈತ್ರ