ತಿರುವಿನಲ್ಲಿ ಬರುತ್ತಿದ್ದ ಟಕಟಕ

ಅಲ್ಲ ಕಣೇ ಮಹಾರಾಯ್ತಿ,

ಕ್ಷೇಮ ಕೇಳಲು ಬರೆಯುತ್ತಿಲ್ಲ, ಕಳಿಸುವ ಯೋಚನೆಯಂತೂ ಇಲ್ಲವೇ ಇಲ್ಲ. ಮೈಯೆಲ್ಲ ಉರಿಯುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನಾವಿಬ್ಬರೂ ಡ್ರೈವಿಂಗ್ ಕಲಿಸುತ್ತಿದ್ದ ಕಾರು ತಿರುವಿನಲ್ಲಿ ಟಕಟಕ ಅನ್ನುತ್ತಿತ್ತಲ್ಲ, ಅದಕ್ಕೆ ಇವತ್ತು ಮದ್ದಾಯಿತು. ಮೆಕ್ಯಾನಿಕ್ ಖಾಲಿ ಮೈದಾನದಲ್ಲಿ ನನ್ನಿಂದ ಗಾಣದೆತ್ತಿನ ಹಾಗೆ ಸುತ್ತು ಹಾಕಿಸಿ, ಪಕ್ಕದಲ್ಲಿ ಬಗ್ಗಿ ನಡೆಯುತ್ತಾ ಕಿವಿಗೊಟ್ಟ. "ಬಲಗಡೆ ಚಕ್ರ ತಿರುಗಿಸೋ ಆಕ್ಸಲ್ ಜಾಯಿಂಟು ಹೋಗಿದೆ," ಅಂದ.

"ಹೋಗದೆ ಇನ್ನೇನು? ಕಲಿಯೋರ ಕೈಲಿ ಸ್ಟಿಯರಿಂಗನ್ನ ಹಾಗೆ ಗರಗರ ತಿರುಗಿಸ್ತಿದ್ಲು ಅವಳು!" ಎಂದೆ. ಆರು ತಿಂಗಳ ಹಿಂದೆ ಕಲಿಯಲು ಬಂದವರೆಲ್ಲರ ಎದುರಿಗೆ ನಿನಗೆ ಅಂದದ್ದೂ ಇದೇ ಮಾತು. ನೀನು ಕಾರಿನ ಬೀಗದಕೈ ಮೇಜಿನ ಮೇಲಿಟ್ಟು ನಡೆದೆ. ಅದೆಂಥ ಸೊಕ್ಕು ನಿನ್ನದು!

"ತಿರುಗಿಸಿದ್ದಕ್ಕಲ್ಲ ಮೇಡಂ, ಈ ತಂತಿ ನೋಡಿ."

ಚಕ್ರದ ಗೂಡಿನ ಒಳಗಿನ ಪ್ಲಾಸ್ಟಿಕ್ ಹಾಳೆ ಜೋತುಬಿದ್ದಾಗ ನಾನು ಬಿಗಿದಿದ್ದ ತಂತಿ. ಅದರ ತುದಿ ಜಾಯಿಂಟಿನ ರಬ್ಬರ್ ಚೀಲವನ್ನು ಕೊಯ್ದು, ಗ್ರೀಸೆಲ್ಲ ಸೋರಿ, ಒಳಗೆ ಮರಳು ಹೊಕ್ಕಿತ್ತು. "ತಂತಿ ಬೇಡ ಕಣಕ್ಕ, ಗ್ಯಾರೇಜಿಗೆ ಕೊಡೋಣ" ಎಂದು ನೀನು ಹೇಳಿದ್ದೆ, ಒಂದೇ ಒಂದು ಸಲ. ಇನ್ನೊಂದು ಸಲ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಜಗಳದ ದಿನವಾದರೂ ಮುಖಕ್ಕೆ ಹೊಡೆದ ಹಾಗೆ ಹೇಳಬಾರದಿತ್ತೇ?

ಹೊಸ ಜಾಯಿಂಟು ಹಾಕಿದ ಮೇಲೆ ಎಷ್ಟು ತಿರುಗಿಸಿದರೂ ಸದ್ದಿಲ್ಲ. ಹೊರಡುವಾಗ ಮೆಕ್ಯಾನಿಕ್ ಕೇಳಿದ, "ಈ ತಂತಿ ಕಟ್ಟಿದ್ದು ಯಾರು?"

"ಮುಂಚೆ ನಮ್ಮಲ್ಲಿ ಕಲಿಸ್ತಿದ್ದವಳು," ಎಂದೆ.

ಅವನು ತಂತಿಯನ್ನು ನನ್ನ ಕೈಗಿಟ್ಟ. ಅದೀಗ ಮೇಜಿನ ಮೇಲಿದೆ, ನೀನು ಬೀಗದಕೈ ಇಟ್ಟುಹೋದ ಜಾಗದಲ್ಲೇ.