ಹೊರಬೀಡಿನ ದಿನ ಎಣಿಸಿದ ಊರು

ನಮ್ಮ ತಾಲ್ಲೂಕಿನ ಇತಿಹಾಸ, ಭೂಗೋಳ, ಜನಸಂಖ್ಯೆಗಳನ್ನು ಒಂದೇ ರಟ್ಟಿನೊಳಗೆ ಕಟ್ಟಿಕೊಟ್ಟ ಗ್ರಂಥ ಸಂಪಾದಕರಿಗೆ,

ಮಾನ್ಯರೇ, ತಮ್ಮ ಗ್ರಂಥದ ಇನ್ನೂರ ಹದಿನಾಲ್ಕನೆಯ ಪುಟದಲ್ಲಿ ತಾವು ನನ್ನ ಅಜ್ಜಿಯನ್ನು ಇಲ್ಲವಾಗಿಸಿದ್ದೀರಿ. ಅವರ ಜೊತೆಗೆ ಇನ್ನೂ ಮುನ್ನೂರ ಹನ್ನೊಂದು ಮಂದಿಯನ್ನು. ‘ಸೀಗೆಗುಂಟೆ: ಬೇಚರಾಕ್ ಗ್ರಾಮ, ಜನಸಂಖ್ಯೆ ಸೊನ್ನೆ.’ ಇಷ್ಟೇ ಸಾಲು. ಕಂದಾಯದವರ ಭಾಷೆಯಲ್ಲಿ ಬೇಚರಾಕ್ ಎಂದರೆ ದೀಪ ಹಚ್ಚುವವರಿಲ್ಲದ ಹಾಳೂರು. ಕಳೆದ ವಾರ ನಾನು ಅಲ್ಲಿಗೆ ಹೋದಾಗ ಅಜ್ಜಿ ದೀಪ ಹಚ್ಚಿದರು, ಸೊಪ್ಪಿನ ಸಾರು ಮಾಡಿದರು, ನನ್ನ ಜಡೆ ಸಡಿಲವಾಗಿದೆಯೆಂದು ಬೈದರು. ಇಲ್ಲದ ವ್ಯಕ್ತಿಯಿಂದ ಅಷ್ಟು ಹೊತ್ತು ಬೈಸಿಕೊಂಡ ವಿದ್ಯಾರ್ಥಿನಿ ನಮ್ಮ ಕಾಲೇಜಿನಲ್ಲಿ ಬೇರೊಬ್ಬಳಿರಲಾರಳು.

ಗ್ರಂಥದ ಉಳಿದ ಭಾಗ ಸೊಗಸಾಗಿದೆ. ನಾನು ಬಿ.ಎ. ಅಂತಿಮ ವರ್ಷದ ಭೂಗೋಳದ ವಿದ್ಯಾರ್ಥಿನಿ, ತರಗತಿಗೆ ಮೊದಲಿಗಳು. ಹೀಗಾಗಿ ಈ ಮೆಚ್ಚುಗೆಗೆ ಅಲ್ಪಸ್ವಲ್ಪ ಬೆಲೆಯಿದೆಯೆಂದು ಭಾವಿಸುತ್ತೇನೆ. ನಮ್ಮ ಗುಡ್ಡದ ಎತ್ತರವನ್ನು ಅಡಿಯ ಲೆಕ್ಕದಲ್ಲಿ ಕೊಟ್ಟಿದ್ದೀರಿ. ಯಾವ ಪಾಳೆಯಗಾರ ಯಾವ ಕೋಟೆಯ ಯಾವ ಮೂಲೆಯನ್ನು ಕೆಡವಿದನೆಂದು ತಿಳಿಸಿದ್ದೀರಿ. ಜಾನುವಾರುಗಳ ಕೋಷ್ಟಕದಲ್ಲಿ ಸೀಗೆಗುಂಟೆಯ ಕುರಿಗಳು ನೂರ ನಲವತ್ತು ಎಂದೂ ಇದೆ. ಮಹಾಶಯರೇ, ನರಪಿಳ್ಳೆಯಿಲ್ಲದ ಊರಿನಲ್ಲಿ ಆ ಕುರಿಗಳನ್ನು ಕಾಯುವವರು ಯಾರು? ಅವೇ ಸರದಿಯ ಮೇಲೆ ಒಂದನ್ನೊಂದು ಕಾಯುತ್ತವೆಯೇ?

ನಕ್ಕು ಮರೆಯಬಹುದಾಗಿತ್ತು. ಆದರೆ ವಿದ್ಯಾ ಇಲಾಖೆಯವರು ತಮ್ಮ ಗ್ರಂಥವನ್ನು ನಂಬಿದ್ದಾರೆ. ಜನರಿಲ್ಲದ ಊರಿಗೆ ಶಾಲೆ ಏತಕ್ಕೆ ಎಂದು ಬರುವ ಜೂನ್‌ನಿಂದ ನಮ್ಮ ಏಕೋಪಾಧ್ಯಾಯ ಶಾಲೆಯನ್ನು ಹಳ್ಳದಾಚೆಯ ಹೊಸಹಳ್ಳಿಗೆ ವರ್ಗಾಯಿಸಲಿದ್ದಾರೆ. ಮೂರು ಮೈಲಿ ದಾರಿ. ಮಳೆ ಬಂದರೆ ಹಳ್ಳ ಎದೆಮಟ್ಟ. ಇಪ್ಪತ್ತಾರು ಮಕ್ಕಳಲ್ಲಿ ಹನ್ನೊಂದು ಹೆಣ್ಣುಮಕ್ಕಳು. ಆ ಹನ್ನೊಂದೂ ಜೂನ್‌ನಿಂದ ಮನೆಯಲ್ಲೇ ಉಳಿಯುತ್ತವೆಂದು ತಿಳಿಯಲು ಯಾವ ಗಣತಿಯೂ ಬೇಕಿಲ್ಲ. ಅದೇ ಶಾಲೆಯ ಹೆಂಚಿನ ಮಾಡಿನ ಕೆಳಗೆ ಕರಿಬಸಪ್ಪ ಮೇಷ್ಟ್ರು ಇದ್ದಿಲಿನಿಂದ ಗೋಡೆಯ ಮೇಲೆ ಬರೆದ ಭೂಪಟದಲ್ಲಿ ನಾನು ಮೊದಲ ಬಾರಿಗೆ ಸಮುದ್ರವನ್ನು ಕಂಡೆ. ಆ ಶಾಲೆ ಹಳ್ಳದಾಚೆ ಇದ್ದಿದ್ದರೆ ತಮಗೆ ಈ ಪತ್ರದ ಉಪದ್ರವವೇ ಇರುತ್ತಿರಲಿಲ್ಲ.

ಇಲಾಖೆಯ ಕಚೇರಿಗೆ ಗ್ರಂಥವನ್ನು ಹಿಡಿದುಕೊಂಡೇ ಹೋಗಿದ್ದೆ. ಗುಮಾಸ್ತರು ಪುಟ ನೋಡಿ ತಲೆಯಾಡಿಸಿದರು.

“ಬುಕ್ಕಲ್ಲಿ ಇಲ್ಲ ಅಂದ್ಮೇಲೆ ಇಲ್ಲ ಕಣಮ್ಮ.”

“ಸಾರ್, ನಾನು ಹುಟ್ಟಿದ್ದೇ ಅಲ್ಲಿ.”

“ಆಯ್ತು. ಈಗೆಲ್ಲಿದೀರಿ?”

“ರಾಜಾಜಿನಗರದಲ್ಲಿ, ಚಿಕ್ಕಪ್ಪನ ಮನೇಲಿ.”

“ನೋಡಿದ್ರಾ! ಊರು ಖಾಲಿ ಅನ್ನೋಕೆ ನೀವೇ ಸಾಕ್ಷಿ.”

ಪಕ್ಕದ ಮೇಜಿನವರೂ ನಕ್ಕರು. ನಾನು ಮಾತ್ರ ನಗಲಿಲ್ಲ. ಆ ಪುಣ್ಯಾತ್ಮರು ಅರಿಯದೆಯೇ ಸತ್ಯವನ್ನು ಹೇಳಿದ್ದರು.

ಎಪ್ಪತ್ತೊಂದರ ಜನಗಣತಿಯ ಸಮಯದಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ, ಹೊರಬೀಡಿಗೆಂದು ಊರಿಗೆ ಬಂದಿದ್ದೆ. ಮೂರು ವರ್ಷಕ್ಕೊಮ್ಮೆ ನಮ್ಮೂರಿನವರೆಲ್ಲ ಬೆಳಗಾಗುವ ಮೊದಲೇ ದನಕರು, ಕೋಳಿ, ಪಾತ್ರೆಪಡಗಗಳ ಸಮೇತ ಊರು ಬಿಡುತ್ತಾರೆ. ಊರಬಾಗಿಲಿಗೆ ಮುಳ್ಳು ಬಡಿದು, ಹೊರಗಿನ ಮಾವಿನ ತೋಪಿನಲ್ಲಿ ಅಡುಗೆ ಮಾಡಿ ಉಂಡು, ಸೂರ್ಯ ಮುಳುಗಿದ ಮೇಲೆ ಮರಳುತ್ತಾರೆ. ಅಂದು ಯಾರು ಕೇಳಿದರೂ ಊರಲ್ಲಿ ಯಾರೂ ಇಲ್ಲವೆಂದೇ ಹೇಳಬೇಕು. ಹುಡುಕಿ ಬಂದ ರೋಗರುಜಿನಗಳು ಬರಿಗೈಯಲ್ಲಿ ಹಿಂದಿರುಗಬೇಕೆಂಬುದು ನಂಬಿಕೆ. ಆ ವರ್ಷ ಅವುಗಳ ಬದಲು ಛತ್ರಿ ಹಿಡಿದ ಗಣತಿದಾರರು ಬಂದರು. ಎಲೆಯ ಮುಂದೆ ಕೂತು, ಹಿರಿಯರಾದ ಗುರುಬಸಪ್ಪನವರನ್ನು ಕೇಳಿದರು:

“ಊರಲ್ಲಿ ಎಷ್ಟು ಜನ ಇದೀರಿ, ಯಜಮಾನ್ರೇ?”

“ಊರಲ್ಲಿ ಯಾರೂ ಇಲ್ಲ ಸ್ವಾಮಿ.”

“ಮತ್ತೆ ಇವರೆಲ್ಲ?”

“ಇವರು ತೋಪಲ್ಲವ್ರೆ. ಇನ್ನೊಂದು ಒಬ್ಬಟ್ಟು ಹಾಕಿಸ್ಕೊಳಿ.”

ಹಾಕಿಸಿಕೊಂಡರು. ಆಮೇಲೆ ಚೀಟಿಯೊಂದರ ಮೇಲೆ ಸೊನ್ನೆ ಬರೆದು, ಓದುಬರಹ ಬಲ್ಲ ಒಬ್ಬರ ರುಜು ಬೇಕೆಂದರು. “ನಮ್ ಜಗದಾಂಬ ಇಂಗ್ಲಿಷಲ್ಲೂ ಹಾಕ್ತಾಳೆ, ಎಲ್ಲಿ ಕೊಡಿ” ಎಂದು ಅಜ್ಜಿ ನನ್ನನ್ನು ಮುಂದಕ್ಕೆ ದೂಡಿದರು. ನಾನು ಹಾಕಿದೆ, ಮಾನ್ಯರೇ. ಕೆಳಗೆ ಎರಡು ಗೆರೆ ಎಳೆದು, ಚುಕ್ಕಿಯನ್ನೂ ಇಟ್ಟೆ. “ನಾಳೆ ಬಂದು ಸರಿಯಾಗಿ ಎಣಿಸ್ತೀನಿ” ಎಂದು ಅವರು ಎದ್ದರು. ನಾಲ್ಕು ವರ್ಷವಾಯಿತು, ಆ ನಾಳೆ ಇನ್ನೂ ದಾರಿಯಲ್ಲಿದೆ.

ಉಂಡ ಎಲೆಯ ಮುಂದೆ ಅವರು ಮರೆತರು. ರುಜುವಿನ ಸಂಭ್ರಮದಲ್ಲಿ ನಾನು ಮೈಮರೆತೆ. ಆದರೆ ತಾವು? ಗುಡ್ಡವನ್ನು ಅಡಿಯಡಿಯಾಗಿ ಅಳೆದವರು, ಅದರ ಬುಡದಲ್ಲಿ ಹೊಗೆಯಾಡುವ ಅರವತ್ತು ಒಲೆಗಳನ್ನು ಒಮ್ಮೆಯಾದರೂ ಬಗ್ಗಿ ನೋಡಬಾರದಿತ್ತೇ?

ಆದ್ದರಿಂದ ಕೇಳುವುದಿಷ್ಟು. ಜೂನ್‌ಗೆ ಮುಂಚೆ ಯಾರನ್ನಾದರೂ ಸೀಗೆಗುಂಟೆಗೆ ಕಳುಹಿಸಿ ಎಣಿಕೆ ಮಾಡಿಸಿ. ಮುಂದಿನ ಹೊರಬೀಡು ಎಪ್ಪತ್ತೇಳರಲ್ಲಿ. ಅಲ್ಲಿಯವರೆಗೆ ಯಾವ ದಿನ ಬಂದರೂ ನಾವು ಇರುತ್ತೇವೆ. ಆ ಪುಟಕ್ಕೆ ತಿದ್ದುಪಡಿಯ ಚೀಟಿ ಅಂಟಿಸಿ, ಅದರ ಪ್ರತಿಯೊಂದನ್ನು ವಿದ್ಯಾ ಇಲಾಖೆಗೆ ತಲುಪಿಸಿ. ಅಜ್ಜಿಯ ಮಾತನ್ನೂ ಸೇರಿಸುತ್ತೇನೆ: “ನಾನಿಲ್ಲ ಅಂತ ಬರ್ದೋರು ಬಂದು ನನ್ ಕೈಯಡುಗೆ ಉಣ್ಲಿ. ಈ ಸಲ ಬರ್ಕೊಂಡಾದ್ಮೇಲೇ ಎಲೆ ಹಾಕೋದು.”

ಸಾಕ್ಷಿಗೆ ಓದುಬರಹ ಬಲ್ಲವರ ರುಜು ಬೇಕೆಂದರೆ, ಅದೇ ಕೈಯಿಂದ ಇನ್ನೊಮ್ಮೆ ಹಾಕುತ್ತಿದ್ದೇನೆ. ಈ ಬಾರಿ ಗೆರೆಗಳಿಲ್ಲ.

ಇಂತಿ,
ಮುನ್ನೂರ ಹನ್ನೆರಡು ಮಂದಿಯನ್ನು ಒಂದು ರುಜುವಿನಲ್ಲಿ ಕಳೆದು, ಇನ್ನೊಂದರಲ್ಲಿ ಮರಳಿ ಕೇಳುತ್ತಿರುವ
ಜಗದಾಂಬಾ
ಸೀಗೆಗುಂಟೆ (ಸದ್ಯಕ್ಕೆ ರಾಜಾಜಿನಗರ)